ಮಡಕೆ ತಳದ ಗಾಜು

ಡ್ರೂಸಿಲಾ ಸ್ಟೋಕ್ಲಿಗೆ ಒಂದು ಚಾಳಿಯಿತ್ತು. ಕೈಗೆ ಯಾವ ಗಾಜು ಸಿಕ್ಕಿದರೂ ಉಗುರಿನಿಂದ ಒಮ್ಮೆ ಮೀಟಿ, ಕತ್ತು ಓರೆ ಮಾಡಿಕೊಂಡು ಆಲಿಸುವುದು. ಟಣ್ ಎಂದು ಗಂಟೆಯ ಹಾಗೆ ಎಳೆದರೆ ಅದು ಇಂಗ್ಲೆಂಡಿನದು, ಮೇಜಿಗೆ ಯೋಗ್ಯ. ಟಕ್ ಎಂದು ಅಲ್ಲೇ ಸತ್ತರೆ ಅದು ಇಲ್ಲಿಯದು, ಅಡುಗೆಮನೆಗೆ ಸಾಕು. ಅಮ್ಮಾವರ ತಲೆಯನ್ನೇ ಒಂದು ಸಲ ಮೀಟಬೇಕು, ಯಾವ ಸದ್ದು ಬರುತ್ತದೋ ಕೇಳಬೇಕು ಎಂದು ಅವರ ಅಡುಗೆಯ ಲೋನಿ ಹೇಳುತ್ತಿದ್ದಳು. ಆದರೆ ಹೇಳುತ್ತಿದ್ದುದು ಹಿಟ್ಟು ನಾದುವಾಗ, ಹಿಟ್ಟಿಗೆ ಮಾತ್ರ.

ಅಮ್ಮಾವರ ಗಂಡ ಎಬೆನೀಜರ್ ಸ್ಟೋಕ್ಲಿ ಟಕರ್ಸ್ ರನ್ ಎಂಬ ಊರಿನ ಗಾಜಿನ ಭಟ್ಟಿಯ ಒಡೆಯ. ಜರ್ಸಿಯ ಪೈನ್ ಕಾಡಿನಲ್ಲಿ ಇದ್ದಿಲು ಸುಟ್ಟುಕೊಂಡಿದ್ದವನು. ಇಂಗ್ಲಿಷರ ಜೊತೆ ಎರಡನೆಯ ಸಲ ಯುದ್ಧವಾದಾಗ ಹಡಗುಗಳು ನಿಂತವು, ಕಿಟಕಿಯ ಗಾಜಿಗೆ ಬರ ಬಂತು, ಸ್ಟೋಕ್ಲಿಗೆ ಒಳ್ಳೆಯ ಕಾಲ ಬಂತು. ಯುದ್ಧ ಮುಗಿದು ಹತ್ತು ವರ್ಷವಾಗುವುದರೊಳಗೆ ಮನೆಗೆ ಬಿಳಿ ಕಂಬಗಳು ಎದ್ದಿದ್ದವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ ಎನ್ನುತ್ತಾರಲ್ಲ, ಸ್ಟೋಕ್ಲಿ ಆ ಕೊಡೆಯನ್ನೂ ಇಂಗ್ಲೆಂಡಿನಿಂದಲೇ ತರಿಸಿದ್ದ. ಇಂಗ್ಲೆಂಡಿನ ಗಾಜು ಬರದೇ ಹೋದದ್ದರಿಂದ ಉದ್ಧಾರವಾದ ಮನುಷ್ಯ, ಈಗ ಇಂಗ್ಲೆಂಡಿನ ಗಾಜಿನಲ್ಲಲ್ಲದೆ ನೀರು ಕುಡಿಯುತ್ತಿರಲಿಲ್ಲ.

ಲೋನಿಯ ಪೂರ್ತಿ ಹೆಸರು ಅಪೊಲೋನಿಯಾ. ಅಷ್ಟು ಉದ್ದದ ಹೆಸರನ್ನು ಪಾದ್ರಿಯೊಬ್ಬನೇ ಕರೆಯುತ್ತಿದ್ದ. ಐವತ್ತೆರಡು ವರ್ಷದ ವಿಧವೆ. ಅವಳ ಗಂಡ ಯಾಕೋಬ್ ಜ್ವರದಲ್ಲಿ ಹೋದ ಮೇಲೆ ಅಣ್ಣ ವೆಂಡೆಲ್ ರಾಬ್‌ನ ಮನೆಯಲ್ಲಿ ಇದ್ದಳು. ವೆಂಡೆಲ್ ಮದುವೆಯಾಗಿರಲಿಲ್ಲ. ಹೇಳಿಕೊಳ್ಳಲು ಅದು ವೆಂಡೆಲ್‌ನ ಮನೆ, ನಿಜಕ್ಕೆ ಅದು ಅವನ ಪೀಠದ ಮನೆ. ಟಕರ್ಸ್ ರನ್ನಿನಲ್ಲಿ ಗಾಜು ಊದುವವನಿಗೆ ಭಟ್ಟಿಯ ಮುಂದೆ ಒಂದು ಪೀಠ, ಪೀಠದ ಜೊತೆಗೆ ಒಂದು ಮನೆ. ಪೀಠ ಹೋದರೆ ಮನೆಯೂ ಹೋಯಿತು.

ಆ ಬೇಸಿಗೆಯಲ್ಲಿ ವೆಂಡೆಲ್‌ನ ಪೀಠ ಹೋಗುವುದರಲ್ಲಿತ್ತು. ಕಿಟಕಿಯ ಗಾಜು ಮಾಡುವುದು ಎಂದರೆ ಕುಳಿತು ಮಾಡುವ ಕೆಲಸವಲ್ಲ. ಭಟ್ಟಿಯೊಳಗಿನ ಮಡಕೆಯಲ್ಲಿ ಕರಗಿದ ಗಾಜಿನ ಪಾಕವನ್ನು ಊದುಕೊಳವೆಯ ತುದಿಗೆ ಅಂಟಿಸಿಕೊಂಡು, ಊದಿ, ಗುಂಡಿಯ ಅಂಚಿನಲ್ಲಿ ನಿಂತು ಅತ್ತಿಂದಿತ್ತ ಬೀಸಬೇಕು. ಬೀಸಿದಂತೆ ಅದು ಆಳುದ್ದದ ಟೊಳ್ಳು ದಿಂಡಾಗಿ ಇಳಿಯುತ್ತದೆ. ಆಮೇಲೆ ಅದನ್ನು ಉದ್ದಕ್ಕೆ ಸೀಳಿ, ಕಾಯಿಸಿ, ಹಾಸಿದರೆ ಕಿಟಕಿ. ಮೂವತ್ತೈದು ವರ್ಷ ಬೀಸಿ ಬೀಸಿ ವೆಂಡೆಲ್‌ನ ಎಡ ಭುಜ ಸವೆದುಹೋಗಿತ್ತು. ಬೆಳಿಗ್ಗೆ ಅಂಗಿಯ ತೋಳಿಗೆ ಕೈ ತೂರಿಸಲು ಅವನಿಗೆ ತಂಗಿ ಬೇಕಾಗುತ್ತಿತ್ತು. ದಿನಕ್ಕೆ ನಾಲ್ಕು ದಿಂಡಾದರೂ ಕೈಜಾರಿ ಗುಂಡಿಗೆ ಬೀಳುತ್ತಿದ್ದವು. ಸೆಪ್ಟೆಂಬರಿನಲ್ಲಿ ಭಟ್ಟಿ ಮತ್ತೆ ಹೊತ್ತುವಾಗ ಪೀಠ ಹೈರಮ್‌ಗೆ ಎಂದು ಸ್ಟೋಕ್ಲಿ ಆಗಲೇ ಹೇಳಿಬಿಟ್ಟಿದ್ದ. ಹೈರಮ್ ಮೂವತ್ತರ ಹರೆಯದವನು, ತೋಳು ನೊಗದಂತಿದ್ದವು.

ವೆಂಡೆಲ್ ಬೇಡಿದ್ದು ಒಂದೇ. "ಒಂದು ಮಡಕೆ ನಂಗೆ ಬಿಡಿ ಯಜಮಾನ್ರೇ. ಹೂಜಿ, ಬೋಗುಣಿ, ಸಕ್ಕರೆ ಬಟ್ಟಲು ಮಾಡ್ತೀನಿ. ಅದಕ್ಕೆ ಭುಜ ಬೇಡ, ಕೂತು ಮಾಡಬೋದು. ಉಸಿರು, ಬೆರಳು ಇದ್ರೆ ಸಾಕು."

"ಯಾರಯ್ಯ ತಗೋತಾರೆ? ಜರ್ಸಿ ಹಸಿರು ಗಾಜನ್ನ ಊಟದ ಮೇಜಿನ ಮೇಲೆ ಇಟ್ಕೊಂಡ್ರೆ ಬಂದೋರು ನಗಲ್ವಾ?" ಎಂದು ಸ್ಟೋಕ್ಲಿ ನಕ್ಕಿದ್ದ.

ಒಡೆಯ ನಕ್ಕದ್ದು ಇರಲಿ. ಊರೇ ನಗುತ್ತಿತ್ತು. ಹಾಗೆ ನೋಡಿದರೆ ಟಕರ್ಸ್ ರನ್ನಿನಲ್ಲಿ ಹಸಿರು ಹೂಜಿ ಇಲ್ಲದ ಮನೆಯೇ ಇರಲಿಲ್ಲ. ಜೂನ್ ಕೊನೆಗೆ, ಸೆಕೆ ತಡೆಯಲಾರದೆ ಎರಡು ತಿಂಗಳಿಗೆಂದು ಭಟ್ಟಿ ಆರಿಸುವ ದಿನ, ಮಡಕೆಗಳ ತಳದಲ್ಲಿ ಉಳಿದ ಪಾಕ ಊದುವವರದು. ಅದು ಅಪ್ಪಂದಿರ ಕಾಲದಿಂದ ಬಂದ ಪದ್ಧತಿ, ಒಡೆಯನೂ ತುಟಿ ಬಿಚ್ಚುವಂತಿರಲಿಲ್ಲ. ಹೆಂಡತಿಗೊಂದು ಹೂಜಿ, ಮಗಳಿಗೊಂದು ಮುಚ್ಚಳದ ಬಟ್ಟಲು, ನೆರೆಯವನಿಗೊಂದು ಲಟ್ಟಣಿಗೆ, ಮನಸ್ಸಿಗೆ ಬಂದದ್ದನ್ನು ಊದುತ್ತಿದ್ದರು. ಮಾರುವುದಲ್ಲ, ಕೂಲಿಯದಲ್ಲ, ಆದ್ದರಿಂದ ಕೆಲಸವೂ ಅಲ್ಲ. ಆಟ. ಹತ್ತು ತಿಂಗಳು ಬೆವರು ಸುರಿಸಿ ಮಾಡಿದ ಕಿಟಕಿ ಗಾಜನ್ನು ಯಾರೂ ಎರಡು ಸಲ ನೋಡುವುದಿಲ್ಲ, ಆಟಕ್ಕೆ ಮಾಡಿದ್ದನ್ನು ನೋಡಿದರೆ ಕಣ್ಣು ಕೀಳಲಾಗುವುದಿಲ್ಲ ಎಂಬುದು ಆ ಊರಿನಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಲೋನಿಯ ಬಳಿ ಇದ್ದ ಹೂಜಿಯನ್ನು ವೆಂಡೆಲ್ ಮಾಡಿದ್ದು ಅವಳ ಮದುವೆಯ ವರ್ಷ, ಮೂವತ್ತೊಂದು ವರ್ಷದ ಹಿಂದೆ. ತಿಳಿ ಹಸಿರು, ದಪ್ಪ ಹೊಟ್ಟೆ, ಗಿಡ್ಡ ಕತ್ತು. ಹೊಟ್ಟೆಯ ಸುತ್ತ ಎರಡನೆಯ ಸಲ ಪಾಕ ಬಳಿದು ಮೇಲಕ್ಕೆ ಎಳೆದು, ಕೆರೆಯ ನೈದಿಲೆ ಎಲೆಗಳು ತೆವಳಿದ ಹಾಗೆ ಮಾಡಿದ್ದ. ಹಿಡಿಯ ಬುಡದಲ್ಲಿ ಒಂದು ಗುಳಿ ಬಿದ್ದಿತ್ತು. ಹೆಬ್ಬೆರಳಿಟ್ಟರೆ ಸರಿಯಾಗಿ ಕೂರುತ್ತಿತ್ತು. ತಳದಲ್ಲಿ, ಮಾಡುವಾಗ ಹಿಡಿಯಲು ಅಂಟಿಸಿದ್ದ ಸಲಾಕೆಯನ್ನು ಮುರಿದು ಬಿಡಿಸಿದ ಗಾಯದ ಕಲೆ. ಲೋನಿ ಆ ಹೂಜಿಯನ್ನು "ಕಪ್ಪೆ" ಎನ್ನುತ್ತಿದ್ದಳು. ಕಪ್ಪೆಯಲ್ಲಿ ಮಜ್ಜಿಗೆ ಕೆಡುವುದಿಲ್ಲವೆಂದು ಅದನ್ನು ಸ್ಟೋಕ್ಲಿಯ ಮನೆಯ ಹಿಂದಿನ ಜಗಲಿಗೇ ಒಯ್ದು ಇಟ್ಟಿದ್ದಳು. ಎಂಟು ವರ್ಷ ಅದು ಅಲ್ಲೇ ಇತ್ತು.

ಇತ್ತ ಅವಳ ಸ್ವಂತ ಮನೆಯ ಗೂಡಿನಲ್ಲಿ, ಬೈಬಲ್ಲಿನ ಪಕ್ಕದಲ್ಲಿ, ಏನಿತ್ತು ಗೊತ್ತೇ? ಬುಡ ಸೀಳಿತೆಂದು ಅಮ್ಮಾವರು ಎಸೆಯಲು ಕೊಟ್ಟ ಒಂದು ಇಂಗ್ಲೆಂಡಿನ ವೈನ್ ಲೋಟ. ಅಮ್ಮಾವರ ಚಾಳಿಯನ್ನು ಅಷ್ಟು ಆಡಿಕೊಳ್ಳುತ್ತಿದ್ದ ಲೋನಿ, ಯಾರೂ ಇಲ್ಲದಾಗ ಅದನ್ನು ಉಗುರಿನಿಂದ ಮೀಟುತ್ತಿದ್ದಳು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಕಾಣುವ ಕಣ್ಣು ಅವಳದು.

ಭಟ್ಟಿ ಆರಿಸುವುದಕ್ಕೆ ಒಂದು ದಿನ ಮುಂಚೆ, ಶುಕ್ರವಾರ, ಫಿಲಡೆಲ್ಫಿಯಾದಿಂದ ಜೋಶುವಾ ಥಾರ್ನ್‌ಬರಿ ಬಂದ. ಪಿಂಗಾಣಿ ಮತ್ತು ಗಾಜಿನ ದೊಡ್ಡ ವ್ಯಾಪಾರಿ. ಸ್ಟೋಕ್ಲಿಯ ಮನೆಯ ಇಂಗ್ಲೆಂಡಿನ ಗಾಜೆಲ್ಲ ಅವನ ಅಂಗಡಿಯದೇ. ತಾನು ಮಾರಿದ ಸಾಮಾನನ್ನು ತಾನೇ ಬಂದು ಹೊಗಳಬೇಕಾದ ಕರ್ಮ ಅವನ ಮುಖದ ಮೇಲೆ ಕಾಣುತ್ತಿತ್ತು. ಅಮ್ಮಾವರು ಒಂದೊಂದು ಲೋಟವನ್ನೂ ಮೀಟಿ ಕೇಳಿಸುತ್ತಿದ್ದಾಗ ಅವನು ಕೈ ತೊಳೆಯುವ ನೆಪ ಮಾಡಿಕೊಂಡು ಹಿಂದಿನ ಜಗಲಿಗೆ ಬಂದ. ಕೊರಳ ಪಟ್ಟಿ ಬೆವರಿನಲ್ಲಿ ನೆನೆದು ಜೋತುಬಿದ್ದಿತ್ತು.

"ಇದ್ರಲ್ಲೇನಮ್ಮ ಇದೆ?" ಎಂದು ಬಟ್ಟೆ ಮುಚ್ಚಿದ ಕಪ್ಪೆಯ ಕಡೆ ಕೈ ಮಾಡಿದ.

"ಮಜ್ಜಿಗೆ ಸ್ವಾಮಿ. ತಡೀರಿ, ಲೋಟ ತರ್ತೀನಿ."

ಎರಡು ಲೋಟ ಕುಡಿದು ಮೀಸೆ ಒರೆಸಿಕೊಂಡ. ಆಮೇಲೆ ಹೂಜಿಯನ್ನೇ ಎತ್ತಿದ. ಬಿಸಿಲಿಗೆ ಹಿಡಿದು ತಿರುಗಿಸಿದ, ಎಲೆಗಳ ಮೇಲೆ ಬೆರಳಾಡಿಸಿದ, ತಳದ ಗಾಯ ಮುಟ್ಟಿ ನೋಡಿದ. ಹೆಬ್ಬೆರಳು ತಾನಾಗಿ ಹೋಗಿ ಹಿಡಿಯ ಬುಡದ ಗುಳಿಯಲ್ಲಿ ಕೂತಿತು.

"ಯಾರು ಮಾಡಿದ್ದು ಇದು?"

ವೆಂಡೆಲ್‌ನ ಹೆಸರು ಲೋನಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಳಗಿಂದ ಅಮ್ಮಾವರು ಲೋನೀ ಎಂದು ಎಳೆದು ಕರೆಯುತ್ತಿದ್ದರು. ದೊಡ್ಡ ಮನುಷ್ಯನ ಕೈಗೆ ಅಡುಗೆಮನೆಯ ಹೂಜಿ ಸಿಕ್ಕಿಬಿಟ್ಟಿತಲ್ಲ ಎಂದು ಅವಳಿಗೆ ಮೈಯೆಲ್ಲ ಹಿಡಿಯಾಯಿತು. ಹರಕು ಲಂಗ ಒಣಹಾಕಿದ್ದನ್ನು ಬೀಗರು ನೋಡಿದಂತಾಯಿತು.

"ಅದಾ? ಅದನ್ನ ಯಾರೂ ಮಾಡಿದ್ದಲ್ಲ ಸ್ವಾಮಿ," ಎಂದಳು. "ಮಡಕೆ ತಳದ್ದು. ಭಟ್ಟಿ ಆರ್ಸೋ ದಿನ ಗಂಡಸ್ರು ಆಟಕ್ಕೆ ಊದ್ತಾರೆ. ಊರ ತುಂಬ ಬಿದ್ದಿದೆ, ಕೋಳಿಗೆ ನೀರಿಡೋಕೂ ಅದೇ."

"ಓ, ಹಾಗಾ," ಎಂದು ಥಾರ್ನ್‌ಬರಿ ಹೂಜಿ ಕೆಳಗಿಟ್ಟು ಒಳಗೆ ಹೋದ.

ಊಟಕ್ಕೆ ಅರೆದ ಸಾಸಿವೆ ಹಚ್ಚಿಕೊಂಡು ತಿನ್ನುವ ಹಂದಿತೊಡೆಯ ಹ್ಯಾಮ್, ಎಳೆ ಬಟಾಣಿ, ಜೋಳದ ಹಿಟ್ಟಿನ ಕಡುಬು. ಲೋನಿ ಹ್ಯಾಮಿನ ತಟ್ಟೆ ಹಿಡಿದು ಒಳಗೆ ಬರುವ ಹೊತ್ತಿಗೆ ಥಾರ್ನ್‌ಬರಿ ಮಾತಾಡುತ್ತಿದ್ದ.

"ಇಂಗ್ಲೆಂಡಿನ ಸಾಮಾನು ನನ್ನ ಉಗ್ರಾಣದಲ್ಲಿ ಕೊಳೀತಿದೆ ಸ್ಟೋಕ್ಲಿ. ಈಗ ಗಾಡಿ ಕಟ್ಕೊಂಡು ಪಶ್ಚಿಮಕ್ಕೆ ಹೋಗೋ ಜನ ಬರ್ತಾರೆ. ಅವರಿಗೆ ಟಣ್ ಅನ್ನೋದು ಬೇಡ, ಗಾಡಿ ಕುಲುಕಾಟಕ್ಕೆ ಒಡೀದೆ ಇರೋದು ಬೇಕು, ನೋಡೋಕೂ ಲಕ್ಷಣವಾಗಿರ್ಬೇಕು. ನಿಮ್ಮ ಹಿಂದಿನ ಜಗಲೀಲಿ ಒಂದು ಹಸಿರು ಹೂಜಿ ನೋಡ್ದೆ. ಅಂಥದ್ದು ಮಾಡೋ ಕೈ ನಿಮ್ಮಲ್ಲಿದ್ರೆ ಒಂದು ಮಡಕೆ ನನಗೇ ಅಂತ ಇಡಿಸೋಣ ಅಂದ್ಕೊಂಡೆ. ಆದ್ರೆ ನಿಮ್ಮ ಅಡುಗೆಯವಳು ಅದನ್ನ ಯಾರೂ ಮಾಡಿದ್ದಲ್ಲ, ಆಟ ಅಂದ್ಲು. ಆಟ ಆಡೋರ ಜೊತೆ ವ್ಯಾಪಾರ ಹೇಗೆ?"

ಸ್ಟೋಕ್ಲಿ ಹೊಟ್ಟೆ ಕುಲುಕಿಸಿ ನಕ್ಕ. "ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ? ಅವಳಣ್ಣನೇ ಆರು ತಿಂಗಳಿಂದ ನನ್ನ ಕಿವಿ ತಿಂತಿದಾನೆ, ಮೇಜಿನ ಸಾಮಾನು ಮಾಡ್ತೀನಿ ಅಂತ. ಏನೇ ಲೋನಿ, ಅದನ್ನ ಮಾಡಿದೋರು ಯಾರಾದ್ರೂ ಇದಾರೇನೇ?"

ಮೂವರೂ ಅವಳ ಕಡೆ ತಿರುಗಿದರು. ಅಣ್ಣ ಬೇಡಿಕೊಂಡದ್ದು, ತಾನು ಬೇಡಿಕೊಳ್ಳಬೇಕಾದದ್ದು, ಎಲ್ಲ ತಾನಾಗಿ ಮೇಜಿನ ಮೇಲೆ ಬಂದು ಕೂತಿತ್ತು. ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಈಗಷ್ಟೇ ಹೇಳಿದ್ದು ಸುಳ್ಳಾಗುತ್ತದೆ, ಅಮ್ಮಾವರ ಮುಂದೆ ಸುಳ್ಳಿ ಎನಿಸಿಕೊಳ್ಳಬೇಕು.

"ಸಾಸಿವೆ ತರ್ತೀನಿ," ಎಂದು ಲೋನಿ ಹೊರಗೆ ಹೋದಳು.

ಸಂಜೆ ವೆಂಡೆಲ್ ಮನೆಗೆ ಬಂದಾಗ ಅವಳು ಕಪ್ಪೆಯನ್ನು ತಂದು ಮೇಜಿನ ಮೇಲಿಟ್ಟಿದ್ದಳು. ಯಾಕೆ ತಂದಳೆಂದು ಅವಳಿಗೇ ಗೊತ್ತಿರಲಿಲ್ಲ. ಅವನು ಟೋಪಿ ತೆಗೆದು ಗೂಟಕ್ಕೆ ಹಾಕಿದ. ಹೂಜಿಯನ್ನು ಬಲಗೈಯಲ್ಲಿ ಎತ್ತಿ, ತಲೆಕೆಳಗು ಮಾಡಿ ತಳ ನೋಡಿದ.

"ಯಾರೂ ಮಾಡಿದ್ದಲ್ಲವಂತೆ," ಎಂದ.

ಸ್ಟೋಕ್ಲಿ ಭಟ್ಟಿಗೆ ಹೋಗಿ ಹೇಳಿದ್ದ. ಹೇಳದೆ ಬಿಡುವ ಪ್ರಾಣಿಯೇ ಅವನು?

"ಅಣ್ಣಾ, ಕೂತ್ಕೋ. ಎಲೆಕೋಸು ಬಿಸಿ ಇದೆ."

"ನಿನ್ನ ಸ್ವಂತ ತಂಗೀನೇ ಹೇಳಿದ್ಲು, ಅಂದ್ರು ಯಜಮಾನ್ರು. ಎಲ್ಲರೆದುರಿಗೆ ಅಂದ್ರು. ಹೈರಮ್ ಪಾಪ ಮುಖ ಆ ಕಡೆ ಮಾಡ್ಕೊಂಡ."

ಲೋನಿಗೆ ತಪ್ಪು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಸಿಟ್ಟು ಬಂತು. "ಮತ್ತೇನು ಹೇಳ್ಬೇಕಿತ್ತು? ನೀನೇ ಒಂದು ದಿನ ಇದನ್ನ ಕೆಲಸ ಅಂದಿದ್ದೀಯಾ? ಆಟ ಆಟ ಅಂತ ನೀವು ಗಂಡಸ್ರೇ ಅಂದ್ಕೊಂಡು ಬಂದಿದ್ದು. ನಾನಂದ್ರೆ ತಪ್ಪಾ?"

"ನಾವು ಆಟ ಅನ್ನೋದು ಬೇರೆ ಕಣೇ," ಎಂದ ವೆಂಡೆಲ್. ಅವನು ಧ್ವನಿ ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ನಾಳೆ ಯಜಮಾನ್ರು ಆ ವ್ಯಾಪಾರೀನ ಭಟ್ಟಿಗೆ ಕರ್ಕೊಂಡು ಬರ್ತಾರಂತೆ. ಅವರೆದುರಿಗೆ ದಿಂಡು ಬೀಸ್ತೀನಿ. ಒಂದು ನೆಟ್ಟಗೆ ಬಂದ್ರೆ ಇನ್ನೊಂದು ವರ್ಷ ಕೊಡಿ ಅಂತ ಕೇಳ್ತೀನಿ."

"ಆ ಭುಜದಲ್ಲಾ? ಅಂಗಿ ಹಾಕೋಕಾಗಲ್ಲ ನಿಂಗೆ."

"ಮನೆ ಇದೆಯಲ್ಲ ಲೋನಿ, ಅದಕ್ಕೆ," ಎಂದು ಅವನು ಎಲೆಕೋಸಿಗೆ ಕೈಹಾಕಿದ.

ಶನಿವಾರ ಬೆಳಿಗ್ಗೆ ಅತಿಥಿಗೆ ತಿಂಡಿ ಮುಗಿಸಿಕೊಟ್ಟು ಲೋನಿ ಭಟ್ಟಿಗೆ ಹೋದಳು. ಆರಿಸುವ ದಿನ ಹೆಂಗಸರು ಮಕ್ಕಳು ಬರುವುದು ವಾಡಿಕೆ, ಬುಟ್ಟಿಗಳಲ್ಲಿ ರೊಟ್ಟಿ, ಹಂದಿಮಾಂಸ, ಸೇಬಿನ ಮದ್ಯ ತರುತ್ತಾರೆ. ಲೋನಿಯ ಬುಟ್ಟಿಯಲ್ಲಿ ಹುಲ್ಲಿನ ನಡುವೆ ಕಪ್ಪೆಯಿತ್ತು. ಗಂಡಸರು ಆಗಲೇ ಆಟಕ್ಕೆ ಇಳಿದಿದ್ದರು. ಒಬ್ಬ ಹೆಂಡತಿಗೆ ಹಂಸದ ಮುಚ್ಚಳ ಮಾಡುತ್ತಿದ್ದ, ಕತ್ತು ಬಾತುಕೋಳಿಯದಾಗಿ ಎಲ್ಲರೂ ಗೇಲಿ ಮಾಡುತ್ತಿದ್ದರು. ವೆಂಡೆಲ್ ಒಬ್ಬನೇ ಗುಂಡಿಯ ಅಂಚಿನಲ್ಲಿ ದೊಡ್ಡ ಕೊಳವೆ ಹಿಡಿದು ನಿಂತಿದ್ದ.

ಸ್ಟೋಕ್ಲಿ ಮತ್ತು ಥಾರ್ನ್‌ಬರಿ ಕರವಸ್ತ್ರದಿಂದ ಮುಖ ಒತ್ತಿಕೊಳ್ಳುತ್ತ ಬಂದರು. ವೆಂಡೆಲ್ ಅವರಿಗೆ ತಲೆಬಾಗಿ, ಪಾಕ ತೆಗೆದ, ಊದಿದ, ಬೀಸಲು ಶುರು ಮಾಡಿದ. ಒಂದು ಸಲ, ಎರಡು ಸಲ, ದಿಂಡು ಕೆಂಪಗೆ ಉದ್ದಕ್ಕೆ ಇಳಿಯಿತು. ನಾಲ್ಕನೆಯ ಬೀಸಿಗೆ ಅವನ ಬಾಯಿಂದ ಒಂದು ಸಣ್ಣ ಸದ್ದು ಬಂತು. ಕೊಳವೆ ವಾಲಿತು, ದಿಂಡು ಗುಂಡಿಯ ಕಲ್ಲಂಚಿಗೆ ಬಡಿದು ಪುಡಿಯಾಯಿತು. ಹಂಸದ ಗೇಲಿ ನಿಂತುಹೋಯಿತು.

"ನೋಡಿದ್ರಾ," ಎಂದ ಸ್ಟೋಕ್ಲಿ ಥಾರ್ನ್‌ಬರಿಗೆ, ಹಳೆಯ ಕುದುರೆಯ ವಿಷಯ ಮಾತಾಡುವ ಹಾಗೆ. ಆಮೇಲೆ ವೆಂಡೆಲ್‌ಗೆ, "ಸಾಕು ಬಿಡಯ್ಯ. ಆಗಸ್ಟ್ ಕೊನೇಗೆ ಮನೆ ಹೈರಮ್‌ಗೆ ಬಿಟ್ಕೊಡು," ಎಂದ.

ಲೋನಿ ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು. ಕೈಯಲ್ಲಿ ಕಪ್ಪೆಯಿತ್ತು.

"ಯಜಮಾನ್ರೇ, ನಿನ್ನೆ ಊಟದ ಹೊತ್ನಲ್ಲಿ ನೀವೊಂದು ಮಾತು ಕೇಳಿದ್ರಿ. ನಾನು ಸಾಸಿವೆ ತರೋಕೆ ಹೋದೆ. ಸಾಸಿವೆ ಮೇಜಿನ ಮೇಲೇ ಇತ್ತು."

"ಏನೇ ಇದು?" ಎಂದ ಸ್ಟೋಕ್ಲಿ.

"ಇದನ್ನ ಮಾಡಿದೋರು ಇದಾರೆ. ಇಗೋ, ಇಲ್ಲಿ ಭುಜ ಹಿಡ್ಕೊಂಡು ನಿಂತಿದಾನಲ್ಲ, ವೆಂಡೆಲ್ ರಾಬ್, ಇವನೇ. ನನ್ನ ಮದುವೇಗೆ ಮಾಡ್ಕೊಟ್ಟ. ಮೂವತ್ತೊಂದು ವರ್ಷ ಇದ್ರಲ್ಲಿ ಮಜ್ಜಿಗೆ ಕುಡಿದಿದೀನಿ, ಚೆನ್ನಾಗಿದೆ ಅಂತ ಒಂದು ದಿನ ಬಾಯಿ ಬಿಟ್ಟಿಲ್ಲ. ಯಾರೂ ಮಾಡಿದ್ದಲ್ಲ ಅಂತ ಈ ಸ್ವಾಮಿಗಳಿಗೆ ಸುಳ್ಳು ಹೇಳಿದೆ. ಹಸಿರು ಗಾಜು ಅಂತ ನಾಚಿಕೆ ಆಯ್ತು, ಅದಕ್ಕೆ ಹೇಳ್ದೆ. ಬೈಯೋದಿದ್ರೆ ನನ್ನ ಬೈರಿ."

ಲೋನಿ ತಪ್ಪೊಪ್ಪಿಕೊಂಡದ್ದನ್ನು ಆ ಊರು ಹಿಂದೆಂದೂ ನೋಡಿರಲಿಲ್ಲ. ಥಾರ್ನ್‌ಬರಿ ವೆಂಡೆಲ್‌ನ ಕಡೆ ತಿರುಗಿದ.

"ಇನ್ನೊಂದು ಮಾಡ್ತೀಯೇನಯ್ಯ, ನನ್ನೆದುರಿಗೆ?"

ವೆಂಡೆಲ್ ಮಡಕೆಯೊಳಗೆ ಇಣುಕಿದ. "ತಳದ್ದಷ್ಟೇ ಉಳಿದಿದೆ ಸ್ವಾಮಿ."

"ಸಾಕಾಗತ್ತಾ?"

"ಯಾವತ್ತೂ ಅಷ್ಟೇ ಇರೋದು."

ಅವನು ಪೀಠದಲ್ಲಿ ಕೂತ. ಸಣ್ಣ ಕೊಳವೆಯ ತುದಿಗೆ ಪಾಕ ತೆಗೆದುಕೊಟ್ಟವನು ಹೈರಮ್, ಯಾರೂ ಹೇಳದೆ ತಾನಾಗಿ. ವೆಂಡೆಲ್ ಉಸಿರು ಬಿಟ್ಟ, ಹೊಟ್ಟೆ ಮೂಡಿತು. ಕೊಳವೆಯನ್ನು ಪೀಠದ ತೋಳಿನ ಮೇಲೆ ಬಲ ಅಂಗೈಯಿಂದ ಉರುಳಿಸುತ್ತ, ಒದ್ದೆ ಮರದ ಸೌಟಿನಲ್ಲಿ ಸವರಿದ. ಹೈರಮ್ ಎರಡನೆಯ ಪಾಕ ತಂದು ತಳಕ್ಕೆ ಬಳಿದ. ವೆಂಡೆಲ್ ಕಬ್ಬಿಣದ ಮೊನೆಯಿಂದ ಅದನ್ನು ಮೇಲಕ್ಕೆ ಎಳೆದ, ಒಂದು ಎಲೆ, ಇನ್ನೊಂದು ಎಲೆ. ತಳಕ್ಕೆ ಸಲಾಕೆ ಅಂಟಿಸಿ, ಕೊಳವೆಯಿಂದ ಬಿಡಿಸಿ, ಬಾಯಿಯನ್ನು ಕಾಯಿಸಿ ಅಗಲಿಸಿದ. ಕೊನೆಗೆ ಹಿಡಿ. ರೊಟ್ಟಿ ತಟ್ಟುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿದಂತೆ ಲೋನಿಗೆ ಕಂಡಿತು. ಅಷ್ಟು ಹೊತ್ತೂ ಅವನ ಮುಖದಲ್ಲಿ ನೋವಿರಲಿಲ್ಲ. ತನ್ನ ಹೂಜಿ ಹೇಗೆ ಹುಟ್ಟಿತೆಂದು ಅವಳು ನೋಡಿದ್ದು ಅದೇ ಮೊದಲು. ಮೂವತ್ತೊಂದು ವರ್ಷ ಆರಿಸುವ ದಿನಕ್ಕೆ ಬುಟ್ಟಿ ಹೊತ್ತು ಬಂದಿದ್ದಳು, ಒಂದು ವರ್ಷವೂ ಅಣ್ಣನ ಕೈ ನೋಡಿರಲಿಲ್ಲ, ಬೇರೆಯವರ ಹೆಂಡಿರ ಟೋಪಿ ನೋಡಿದ್ದಳು. ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಥಾರ್ನ್‌ಬರಿ ಅಲ್ಲೇ ಮಾತು ಮುಗಿಸಿದ. ಸೆಪ್ಟೆಂಬರಿನಿಂದ ಒಂದು ಮಡಕೆ ಅವನಿಗೆ. ಹೂಜಿ, ಬೋಗುಣಿ, ಸಕ್ಕರೆ ಬಟ್ಟಲು, ಮಾಡಿದಷ್ಟೂ ಬೇಕು.

"ನಾನು ಮೊದಲಿಂದ ಹೇಳ್ತಾನೇ ಇದೀನಿ," ಎಂದ ಸ್ಟೋಕ್ಲಿ, "ವೆಂಡೆಲ್‌ದು ಚಿನ್ನದಂಥ ಕೈ ಅಂತ." ಹೇಳುವಾಗ ಅವನ ಕಣ್ಣು ರೆಪ್ಪೆ ಕೂಡ ಬಡಿಯಲಿಲ್ಲ.

"ಮಾದರೀಗೆ ಇದನ್ನ ಒಯ್ತೀನಿ," ಎಂದು ಥಾರ್ನ್‌ಬರಿ ಹೊಸ ಹೂಜಿಯ ಕಡೆ ಕೈ ಮಾಡಿದ.

"ಅದು ತಣಿಸೋ ಒಲೇಲಿ ಎರಡು ದಿನ ಇರ್ಬೇಕು ಸ್ವಾಮಿ. ಈಗ ತೆಗೆದ್ರೆ ಸೀಳತ್ತೆ," ಎಂದ ವೆಂಡೆಲ್.

"ಹಾಗಿದ್ರೆ ನಿನ್ನ ಕೈಲಿರೋದನ್ನೇ ಕೊಡಮ್ಮ," ಎಂದ ಥಾರ್ನ್‌ಬರಿ ಲೋನಿಗೆ. "ಸೆಪ್ಟೆಂಬರ್ ಗಾಡೀಲಿ ವಾಪಸ್ ಕಳಿಸ್ತೀನಿ."

ಲೋನಿ ಹೂಜಿಯನ್ನು ಎದೆಗೆ ಒತ್ತಿಕೊಂಡಳು. ಕೋಳಿಗೆ ನೀರಿಡುವ ಸಾಮಾನು ಎಂದು ನಿನ್ನೆ ತಾನೇ ಹೇಳಿದ್ದಳು.

"ಕೊಡು ಲೋನಿ," ಎಂದ ವೆಂಡೆಲ್. ಅವನ ತುಟಿಯಂಚು ಒಂದಿಷ್ಟೇ ಮೇಲೆ ಹೋಗಿತ್ತು. "ಯಾರೂ ಮಾಡಿದ್ದಲ್ಲವಲ್ಲ."

ಕೊಟ್ಟಳು. ಮನೆಗೆ ಬಂದು ಬೈಬಲ್ಲಿನ ಪಕ್ಕದ ಇಂಗ್ಲೆಂಡಿನ ಲೋಟವನ್ನು ಎತ್ತಿಕೊಂಡು ಕೋಳಿಗಳ ಮುಂದೆ ಇಟ್ಟಳು. ಅದು ಅದಕ್ಕೂ ಬರಲಿಲ್ಲ, ಕೊಕ್ಕು ತಾಗಿದ ಕೂಡಲೇ ಉರುಳಿಬಿತ್ತು.

ಸೆಪ್ಟೆಂಬರಿನಲ್ಲಿ ವೆಂಡೆಲ್ ತನ್ನ ಪೀಠದಲ್ಲಿ ಕೂತ. ಮನೆ ಉಳಿಯಿತು. ಗಾಡಿ ಬಂತು, ಹೋಯಿತು, ಕಪ್ಪೆ ಬರಲಿಲ್ಲ. ಅಕ್ಟೋಬರಿನ ಗಾಡಿಯವನು ತನಗೇನೂ ಗೊತ್ತಿಲ್ಲವೆಂದ. ಆ ಶನಿವಾರ ಮಾಡಿದ ಹೂಜಿಯನ್ನು ವೆಂಡೆಲ್ ಅವಳಿಗೇ ಕೊಟ್ಟಿದ್ದ. ಅದು ಎಲ್ಲ ವಿಧದಲ್ಲೂ ಹಳೆಯದಕ್ಕಿಂತ ನೆಟ್ಟಗಿತ್ತು. ಲೋನಿ ಅದಕ್ಕೂ ಗೊಣಗಿದಳು. ಹಿಡಿಯ ಬುಡದಲ್ಲಿ ಹೆಬ್ಬೆರಳು ಇಡಲು ಜಾಗವಿಲ್ಲ ಎಂದಳು. "ಅದು ಆಗ ನನ್ನ ಕೈ ಪಳಗಿರ್ಲಿಲ್ಲ ಕಣೇ, ತಪ್ಪಾಗಿ ಬಿದ್ದ ಗುಳಿ ಅದು," ಎಂದ ವೆಂಡೆಲ್. ಆ ತಪ್ಪೇ ಬೇಕೆಂದು ಹೇಳಲು ಅವಳಿಗೆ ನಾಚಿಕೆಯಾಯಿತು.

ಡಿಸೆಂಬರಿನಲ್ಲಿ ಅಮ್ಮಾವರು ಫಿಲಡೆಲ್ಫಿಯಾಕ್ಕೆ ಹೋಗಿ ಬಂದರು. ಪೆಟ್ಟಿಗೆ ಬಿಚ್ಚಲು ಲೋನಿಯನ್ನು ಕರೆದರು. ರೇಷ್ಮೆ, ಕೈಗವಸು, ಒಂದು ಗಡಿಯಾರ. ಎಲ್ಲಕ್ಕಿಂತ ಕೆಳಗೆ, ಹುಲ್ಲು ಸುತ್ತಿ, ಹುಲ್ಲಿನ ಮೇಲೆ ಬಟ್ಟೆ ಸುತ್ತಿ, ಒಂದು ಹೂಜಿ. ಅಮ್ಮಾವರು ಅದನ್ನು ಮಗುವನ್ನು ಎತ್ತುವ ಹಾಗೆ ಎತ್ತಿದರು.

"ಥಾರ್ನ್‌ಬರಿ ಅಂಗಡೀಲಿ ಇದೊಂದೇ ಇತ್ತು ಲೋನಿ. ಗಾಜಿನ ಬೀರೂಲಿ ಬೀಗ ಹಾಕಿಟ್ಟಿದ್ರು. ಇಂಗ್ಲೆಂಡಿನ ಯಾವುದೋ ಜಮೀನ್ದಾರ್ರ ಮನೇದಂತೆ, ನೂರು ವರ್ಷದ್ದಂತೆ. ಮೇಯರ್ ಹೆಂಡ್ತಿ ಕಣ್ಣು ಹಾಕಿದ್ಲು, ನಾನು ಬಿಡ್ಲಿಲ್ಲ." ಉಗುರಿನಿಂದ ಮೀಟಿದರು. ಟಕ್ ಎಂದಿತು. ಅಮ್ಮಾವರು ಕತ್ತು ಓರೆ ಮಾಡಿಕೊಂಡೇ ಇದ್ದರು. "ನಿಜವಾಗ್ಲೂ ಹಳೇದಾದ್ರೆ ಸದ್ದು ಬರಲ್ಲವಂತೆ, ಗೊತ್ತಾ? ಅದೇ ಗುರುತಂತೆ."

ಲೋನಿ ಕೈ ಚಾಚಿ ಹಿಡಿ ಹಿಡಿದಳು. ಹೆಬ್ಬೆರಳು ಹೋಗಿ ತನ್ನ ಗುಳಿಯಲ್ಲಿ ಕೂತಿತು.

ಎಂಟು ವರ್ಷ. ಎಂಟು ವರ್ಷ ಈ ಹೆಂಗಸು ದಿನಕ್ಕೆ ನಾಲ್ಕು ಸಲ ಆ ಜಗಲಿಯ ಮೇಲೆ ಓಡಾಡಿ, ಅದರಿಂದ ಬಗ್ಗಿಸಿದ ಮಜ್ಜಿಗೆಯನ್ನೇ ಕುಡಿದು, ಒಂದು ದಿನವೂ ಅದನ್ನು ನೋಡಿರಲಿಲ್ಲ. ಆ ಕಣ್ಣಿಗೆ ಏನೆನ್ನಬೇಕು. ಆದರೆ ಈ ಸಲ ಲೋನಿ ನಾಲಿಗೆ ಕಚ್ಚಿಕೊಳ್ಳಲಿಲ್ಲ.

"ಅಮ್ಮಾವ್ರೇ, ಇದು ಇಂಗ್ಲೆಂಡಿಂದಲ್ಲ. ಇದು ನಂದು. ಇಲ್ಲೇ ಹಿಂದಿನ ಜಗಲೀಲಿ ಇತ್ತು. ಇದನ್ನ ಮಾಡಿದ್ದು ನನ್ನಣ್ಣ."

ಅಮ್ಮಾವರು ಅವಳ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಹೊಸ ಕೈಗವಸಿನಿಂದಲೇ ಒರೆಸಿಕೊಂಡರು.

"ಅಯ್ಯೋ ಲೋನಿ. ನಿಮ್ಮಣ್ಣಂಗೆ ಒಂದು ಮಡಕೆ ಸಿಕ್ಕಿದ್ದೇ ತಡ, ಇಂಗ್ಲೆಂಡೂ ಅವನದೇ ಆಗೋಯ್ತಾ? ಮಡಕೆ ತಳದಲ್ಲಿ ಇಂಥದ್ದು ಬರತ್ತೇನೇ? ನೀನೇ ಹೇಳ್ತಿದ್ಯಲ್ಲ, ಅದು ಆಟ ಅಂತ. ಹೋಗು, ಮೆತ್ತಗಿನ ಬಟ್ಟೇಲಿ ಒರೆಸಿ ಪಡಸಾಲೆ ಬೀರೂಲಿ ಇಡು. ಅಡುಗೆಮನೆ ಹತ್ರ ಮಾತ್ರ ತಗೊಂಡು ಹೋಗ್ಬೇಡ, ಒಡೆದ್ಹಾಕ್ತೀಯ."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಗಾಜು ಮಾತ್ರ ಗಟ್ಟಿಯಾಗಿ ಹಿಂದಿರುಗಿ ಬಂದಿತ್ತು. ಅವಳು ಸುಳ್ಳು ಹೇಳಿದ ದಿನ ಒಂದೇ ಮಾತಿಗೆ ನಂಬಿದ್ದರು, ನಿಜ ಹೇಳಿದ ದಿನ ಅವಳದೇ ಮಾತನ್ನು ಎತ್ತಿ ಅವಳ ಬಾಯಿಗೇ ತುರುಕಿದರು. ಲೋನಿಗೆ ಸಿಟ್ಟು ಬಂತು. ಅಮ್ಮಾವರ ಮೇಲೆ ಅರ್ಧ, ತನ್ನ ಮೇಲೆ ಅರ್ಧ.

ಹೂಜಿಯನ್ನು ಅವಳು ನೆಟ್ಟಗೆ ಅಡುಗೆಮನೆಗೆ ಒಯ್ದಳು. ಬಿಸಿನೀರಿನಲ್ಲಿ ತೊಳೆದು, ಕತ್ತಿನವರೆಗೆ ಮಜ್ಜಿಗೆ ತುಂಬಿ, ಬಟ್ಟೆ ಮುಚ್ಚಿದಳು. ಮಧ್ಯಾಹ್ನ ಊಟಕ್ಕೆ ಅದನ್ನೇ ತಂದು ಮೇಜಿನ ನಡುವೆ ಇಟ್ಟು, ಇಬ್ಬರ ಇಂಗ್ಲೆಂಡಿನ ಲೋಟಗಳಿಗೂ ಬಗ್ಗಿಸಿದಳು. ಅಮ್ಮಾವರ ಬಾಯಿ ತೆರೆಯಿತು. ಅಷ್ಟರಲ್ಲಿ ಸ್ಟೋಕ್ಲಿ ಒಂದು ಗುಟುಕು ಕುಡಿದಿದ್ದ.

"ಇವತ್ತು ಮಜ್ಜಿಗೇಗೆ ಹಳೇ ರುಚಿ ಬಂದಿದೆಯಲ್ಲೇ," ಎಂದ. "ಎಷ್ಟು ತಿಂಗಳಾಗಿತ್ತು."

ಅಮ್ಮಾವರ ಮುಖ ಅರಳಿತು. "ಹೂಜಿ ಎಲ್ಲಿಯದು ನೋಡಿ ಮತ್ತೆ. ಇಂಗ್ಲೆಂಡಿನೋರು ಮಾಡಿದ್ದು ಅಂದ್ರೆ ಸುಮ್ನೇನಾ?" ಎಂದರು. "ಅಲ್ವೇನೇ ಲೋನಿ?"

"ಸಾಸಿವೆ ತರ್ತೀನಿ," ಎಂದು ಲೋನಿ ಹೊರಗೆ ಹೋದಳು. ಸಾಸಿವೆ ಮೇಜಿನ ಮೇಲೇ ಇತ್ತು.